ನೀರಲ್ಲೇ ಆಮ್ಲಜನಕ ಇದೆಯಲ್ಲ, ಮೀನು ಉಸಿರುಗಟ್ಟಿ ಸಾಯೋದು ಯಾಕೆ?

ಪ್ರಶ್ನೆ: ನೀರು ಅಂದರೆ ಎಚ್‌ಟುಒ, ಅಂದರೆ ಅದರಲ್ಲೇ ಆಮ್ಲಜನಕ ಇದೆ. ಹಾಗಿದ್ದೂ ಕೆರೆಯಲ್ಲಿ ಮೀನು ಸತ್ತಾಗೆಲ್ಲ ‘ಆಮ್ಲಜನಕದ ಕೊರತೆ’ ಅಂತ ಪೇಪರಿನಲ್ಲಿ ಬರುತ್ತದೆ. ಇದು ಹೇಗೆ ಸಾಧ್ಯ?

ನಿಮ್ಮ ಲೆಕ್ಕದಲ್ಲಿ ತಪ್ಪಿಲ್ಲ. ತೂಕ ಹಾಕಿದರೆ ಒಂದು ಲೀಟರ್ ನೀರಿನಲ್ಲಿ ಹತ್ತಿರ ಹತ್ತಿರ 890 ಗ್ರಾಂ ಆಮ್ಲಜನಕವೇ, ಉಳಿದದ್ದು ಜಲಜನಕ. ಆದರೆ ಮೀನಿಗೆ ಆ 890 ಗ್ರಾಂನಲ್ಲಿ ಒಂದು ಚೂರೂ ಸಿಗುವುದಿಲ್ಲ. ಅದು ಬದುಕುವುದು ಅದೇ ಲೀಟರಿನಲ್ಲಿ ಬೇರೆಯಾಗಿ ಕರಗಿರುವ 7-8 ಮಿಲಿಗ್ರಾಂ ಆಮ್ಲಜನಕದ ಮೇಲೆ. ಮಿಲಿಗ್ರಾಂ! ಅಂದರೆ ಕಣ್ಣೆದುರು ಇರುವುದು ಬೇಕಾದ್ದಕ್ಕಿಂತ ಲಕ್ಷ ಪಟ್ಟು ಜಾಸ್ತಿ, ಕೈಗೆ ಬರುವುದು ಚಿಟಿಕೆಗಿಂತ ಕಡಿಮೆ.

ಯಾಕೆ ಹೀಗೆ? ಜಲಜನಕ ಉರಿದರೆ ಸಿಗುವುದೇ ನೀರು. ಸೌದೆ ಉರಿದ ಮೇಲೆ ಬೂದಿ ಉಳಿಯುತ್ತದಲ್ಲ, ಹಾಗೆ ನೀರು ಜಲಜನಕದ ಬೂದಿ. ಬೂದಿಗೆ ಮತ್ತೆ ಬೆಂಕಿ ಹಚ್ಚಲು ಆಗುವುದಿಲ್ಲ. ನೀರೊಳಗಿನ ಆಮ್ಲಜನಕ ಜಲಜನಕವನ್ನು ಬಿಗಿಯಾಗಿ ಹಿಡಿದು ಕೂತಿದೆ. ಅದನ್ನು ಬಿಡಿಸಲು ಬೇಕಾಗುವ ಶಕ್ತಿ, ಆಮೇಲೆ ಉಸಿರಾಡಿ ಗಳಿಸುವ ಶಕ್ತಿಗಿಂತ ಜಾಸ್ತಿ. ಮೀನಿಗೆ ಅದು ನಷ್ಟದ ವ್ಯಾಪಾರ.

ಹಾಗಾಗಿ ಮೀನಿಗೆ ಬೇಕಾದ್ದು ಗಾಳಿಯಲ್ಲಿರುವಂಥದ್ದೇ ಆಮ್ಲಜನಕ, ನೀರಿನ ಕಣಗಳ ಸಂದಿಯಲ್ಲಿ ಸುಮ್ನೆ ಸೇರಿಕೊಂಡಿರುವುದು. ಗೋಲಿ ಸೋಡಾದಲ್ಲಿ ಗ್ಯಾಸ್ ಇರುತ್ತದಲ್ವಾ, ಅದೇ ರೀತಿ. ನಂಬಿಕೆ ಬರದಿದ್ದರೆ ಒಲೆಯ ಮೇಲೆ ಪಾತ್ರೆಯಲ್ಲಿ ನೀರಿಟ್ಟು ನೋಡಿ. ಕುದಿಯುವುದಕ್ಕೆ ಬಹಳ ಮೊದಲೇ ಪಾತ್ರೆಯ ಒಳಮೈಗೆ ಸಣ್ಣ ಸಣ್ಣ ಗುಳ್ಳೆಗಳು ಅಂಟಿಕೊಳ್ಳುತ್ತವೆ. ಅದು ಹಬೆಯಲ್ಲ. ನೀರು ಬಿಸಿಯಾದಾಗ ಹೊರಬಿದ್ದ ಗಾಳಿ. ಕುದಿಸಿ ಆರಿಸಿದ ನೀರನ್ನು ಹಾಗೇ ಮೀನಿನ ತೊಟ್ಟಿಗೆ ಸುರಿಯಬಾರದು ಅನ್ನುವುದು ಇದಕ್ಕೇ.

ಬಿಸಿಗೂ ಆಮ್ಲಜನಕಕ್ಕೂ ಆಗಿಬರುವುದಿಲ್ಲ. 0 ಡಿಗ್ರಿಯ ತಿಳಿನೀರಿನಲ್ಲಿ ಲೀಟರಿಗೆ 14.6 ಮಿಲಿಗ್ರಾಂವರೆಗೆ ಕರಗುತ್ತದೆ. 20 ಡಿಗ್ರಿಗೆ ಅದು 9.1, 30 ಡಿಗ್ರಿಗೆ 7.6. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರ್ ಎತ್ತರದಲ್ಲಿದೆ, ಗಾಳಿಯ ಒತ್ತಡ ಕಮ್ಮಿ, ಅದಕ್ಕಾಗಿ ಇದರಲ್ಲೂ ಸುಮಾರು ಹತ್ತರಲ್ಲೊಂದು ಪಾಲು ಕಳೆಯಿರಿ. ನೀರಿನಲ್ಲಿ ಉಪ್ಪಿದ್ದರೂ ಕಡಿಮೆಯೇ. ಇನ್ನೊಂದು ಕಡೆ, ಬಿಸಿ ನೀರಿನಲ್ಲಿ ಮೀನಿನ ಮೈ ಚುರುಕಾಗಿ ಅದಕ್ಕೆ ಆಮ್ಲಜನಕ ಜಾಸ್ತಿ ಬೇಕಾಗುತ್ತದೆ. ಬೇಸಿಗೆಯಲ್ಲಿ ಆದಾಯ ಇಳಿಯುತ್ತದೆ, ಖರ್ಚು ಏರುತ್ತದೆ.

ಇಷ್ಟು ಬಡತನದಲ್ಲೂ ಮೀನು ಸಂಸಾರ ತೂಗಿಸುವುದು ಕಿವಿರಿನಿಂದ. ಕಿವಿರಿನ ತೆಳು ಪದರಗಳಲ್ಲಿ ರಕ್ತ ಒಂದು ದಿಕ್ಕಿಗೆ ಹರಿದರೆ ನೀರು ಎದುರು ದಿಕ್ಕಿಗೆ ಹರಿಯುತ್ತದೆ. ಹೀಗಾಗಿ ರಕ್ತ ಎಲ್ಲೇ ಇರಲಿ, ಪಕ್ಕದ ನೀರಿನಲ್ಲಿ ಅದಕ್ಕಿಂತ ಸ್ವಲ್ಪ ಜಾಸ್ತಿ ಆಮ್ಲಜನಕ ಇದ್ದೇ ಇರುತ್ತದೆ. ಕೆಲವು ಮೀನುಗಳು ನೀರಿನಲ್ಲಿರುವುದರ 80 ಶೇಕಡಾವರೆಗೂ ಹೀರಿಕೊಳ್ಳುತ್ತವೆ. ನಾವು ಎಳೆದುಕೊಂಡ ಗಾಳಿಯ ಆಮ್ಲಜನಕದಲ್ಲಿ ಬಳಸುವುದು ಕಾಲುಭಾಗದಷ್ಟು, ಉಳಿದದ್ದನ್ನು ವಾಪಸ್ ಬಿಡುತ್ತೇವೆ. ಶ್ರೀಮಂತರ ದುಂದು!

ಈಗ ಕೆರೆಯ ವಿಷಯಕ್ಕೆ ಬರೋಣ. 2016ರ ಮಾರ್ಚ್‌ನಲ್ಲಿ ಬೆಂಗಳೂರಿನ ಹಲಸೂರು ಕೆರೆಯಲ್ಲಿ ಸಾವಿರಾರು ಮೀನು ಸತ್ತು ತೇಲಿದವು. ಇಂಥ ಸುದ್ದಿ ಬಂದಾಗ ಮೊದಲು ಹುಟ್ಟುವ ಅನುಮಾನ ‘ಯಾರೋ ವಿಷ ಹಾಕಿದ್ದಾರೆ’ ಅಂತ. ಕೆಲವೊಮ್ಮೆ ಅದು ನಿಜವೂ ಇರಬಹುದು. ಆದರೆ ಎಷ್ಟೋ ಸಲ ವಿಷವೇ ಬೇಕಿಲ್ಲ, ಚರಂಡಿ ನೀರು ಸಾಕು. ಚರಂಡಿಯ ಕೊಳಕನ್ನು ತಿನ್ನುವ ಬ್ಯಾಕ್ಟೀರಿಯಾಗಳೂ ಉಸಿರಾಡುತ್ತವೆ. ಊಟ ಸಿಕ್ಕಷ್ಟೂ ಅವು ಹೆಚ್ಚುತ್ತವೆ, ಇದ್ದ ಆಮ್ಲಜನಕವನ್ನು ಮೀನಿಗಿಂತ ಮೊದಲೇ ಮುಗಿಸುತ್ತವೆ. ಬೇಸಿಗೆಯ ಮೊದಲ ಜೋರು ಮಳೆ ಇದಕ್ಕೆ ತುಪ್ಪ ಸುರಿಯುತ್ತದೆ. ತಿಂಗಳುಗಟ್ಟಲೆ ಕಾಲುವೆಯಲ್ಲಿ ಕೂತಿದ್ದ ಹೂಳು, ಕಸ ಎಲ್ಲ ಒಂದೇ ರಾತ್ರಿ ಕೆರೆಗೆ ಬಂದು ಬೀಳುತ್ತದೆ. ಮಳೆ ಬಂತು, ಕೆರೆಗೆ ಹೊಸ ನೀರು ಬಂತು ಅಂತ ನಾವು ಖುಷಿಪಡುವ ಹೊತ್ತಿಗೆ ಮೀನು ಒದ್ದಾಡುತ್ತಿರುತ್ತದೆ.

ಮೀನು ಸಾಯುವ ಹೊತ್ತನ್ನು ಗಮನಿಸಿದ್ದೀರಾ? ಬಹುಪಾಲು ಬೆಳಗಿನ ಜಾವ. ಇಲ್ಲಿ ನಿಮ್ಮ ಪ್ರಶ್ನೆಗೆ ಒಂದು ಮಜವಾದ ತಿರುವಿದೆ. ಎಚ್‌ಟುಒ ಒಳಗಿನ ಆ 890 ಗ್ರಾಂಗೆ ಕೈ ಹಾಕಬಲ್ಲವರು ಒಬ್ಬರಿದ್ದಾರೆ: ಪಾಚಿ ಮತ್ತು ನೀರುಗಿಡಗಳು. ಬಿಸಿಲಿನ ಶಕ್ತಿಯಿಂದ ಅವು ನೀರನ್ನೇ ಸೀಳಿ ಆಮ್ಲಜನಕ ಹೊರಬಿಡುತ್ತವೆ. ಇಂಗಾಲದ ಡೈಆಕ್ಸೈಡಿನಿಂದ ಅದು ಬರುತ್ತದೆ ಅಂತ ಬಹಳ ಕಾಲ ನಂಬಿದ್ದರು. 1941ರಲ್ಲಿ ಅಮೆರಿಕದ ವಿಜ್ಞಾನಿಗಳಾದ ಸ್ಯಾಮ್ ರೂಬೆನ್, ಮಾರ್ಟಿನ್ ಕ್ಯಾಮೆನ್ ಮತ್ತು ಸಂಗಡಿಗರು ಭಾರದ ಆಮ್ಲಜನಕ (ಮಾಮೂಲಿಗಿಂತ ತೂಕ ಜಾಸ್ತಿ, ಹಾಗಾಗಿ ಗುರುತು ಹಿಡಿಯಬಹುದಾದದ್ದು) ಸೇರಿಸಿದ ನೀರನ್ನು ಪಾಚಿಗೆ ಕೊಟ್ಟು, ಹೊರಬರುವುದು ನೀರಿನ ಆಮ್ಲಜನಕವೇ ಎಂದು ತೋರಿಸಿದರು. ಅಂದರೆ ಮೀನಿಗೆ ನೀರೊಳಗಿನ ಆಮ್ಲಜನಕ ನೇರವಾಗಿ ಸಿಗದಿದ್ದರೂ ಪಾಚಿಯ ಕೈಯಿಂದ ಸಿಗುತ್ತದೆ.

ಆದರೆ ಹಗಲು ಮಾತ್ರ. ಸೂರ್ಯ ಮುಳುಗಿದ ಮೇಲೆ ಪಾಚಿ ಕೊಡುವುದನ್ನು ನಿಲ್ಲಿಸುತ್ತದೆ, ತಾನೇ ಉಸಿರಾಡಲು ಶುರುಮಾಡುತ್ತದೆ, ನಿಜ ಹೇಳಬೇಕೆಂದರೆ ಹಗಲೂ ಉಸಿರಾಡುತ್ತಲೇ ಇತ್ತು. ಚರಂಡಿಯ ಗೊಬ್ಬರ ಕುಡಿದು ಹಸಿರು ಸೂಪಿನಂತಾದ ಕೆರೆಯಲ್ಲಿ ಮಧ್ಯಾಹ್ನ ಆಮ್ಲಜನಕ ಬೇಕಾದ್ದಕ್ಕಿಂತ ಹೆಚ್ಚೇ ಇರುತ್ತದೆ. ಅದೇ ಕೆರೆಯಲ್ಲಿ ಕೋಳಿ ಕೂಗುವ ಹೊತ್ತಿಗೆ ಅದು ತಳ ಮುಟ್ಟಿರಬಹುದು. ಹಾಗಾಗಿ ಮಧ್ಯಾಹ್ನ 12ಕ್ಕೆ ಹೋಗಿ ನೀರು ಹಿಡಿದು ‘ಎಲ್ಲ ಸರಿಯಾಗಿದೆ’ ಅನ್ನುವ ಪರೀಕ್ಷೆಯ ಮೇಲೆ ನನಗೆ ಅಷ್ಟೇನೂ ಭರವಸೆ ಇಲ್ಲ. ಮೀನುಗಾರಿಕೆಗೆ ಯೋಗ್ಯ ನೀರಿನಲ್ಲಿ ಲೀಟರಿಗೆ ಕನಿಷ್ಠ 4 ಮಿಲಿಗ್ರಾಂ ಇರಬೇಕು ಅನ್ನುವುದು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಅಳತೆ. ಅದನ್ನು ನಸುಕಿನಲ್ಲಿ ಅಳೆದು ನೋಡಬೇಕು.

ಎಲ್ಲ ಮೀನೂ ಒಟ್ಟಿಗೆ ಸಾಯುವುದಿಲ್ಲ. ಕಾಟ್ಲಾ, ರೋಹು ಬೇಗ ಸೋಲುತ್ತವೆ. ಅವು ಮೇಲೆ ಬಂದು ಬಾಯಿ ಬಿಡುವುದು ಗಾಳಿ ಕುಡಿಯಲು ಅಂತ ಅನ್ನಿಸುತ್ತದೆ, ಆದರೆ ಅವು ಹುಡುಕುವುದು ಗಾಳಿಗೆ ತಾಗಿದ ಮೇಲಿನ ತೆಳು ಪದರದ ನೀರನ್ನು. ನಿಜವಾಗಿಯೂ ಗಾಳಿ ಕುಡಿಯುವವು ಚೇಳು ಮೀನು, ಕೊರವ ಮೀನಿನಂಥವು. ಕೊಳಕು ಹೊಂಡದಲ್ಲೂ ಅವು ಗಟ್ಟಿಯಾಗಿರುವುದು ಅದಕ್ಕೇ. ಇನ್ನು ಶೃಂಗೇರಿಯ ತುಂಗೆಯಲ್ಲಿ ಮಂಡಕ್ಕಿ ಹಾಕಿದರೆ ಮುತ್ತಿಕೊಳ್ಳುತ್ತವಲ್ಲ, ಆ ಮೀನುಗಳಿಗೆ ಹರಿಯುವ ನೀರೇ ಬೇಕು. ಬಂಡೆಗೆ ಬಡಿದು ನೊರೆಯೇಳುವ ನೀರು ಗಾಳಿಯನ್ನು ಬೆರೆಸಿಕೊಂಡೇ ಸಾಗುತ್ತದೆ. ನಿಂತ ನೀರಿನಲ್ಲಿ ಆಮ್ಲಜನಕ ತನ್ನಷ್ಟಕ್ಕೆ ತಳಕ್ಕೆ ಇಳಿಯುವುದು ಬಹಳ ನಿಧಾನ, ಗಾಳಿಯಲ್ಲಿ ಹರಡುವುದಕ್ಕಿಂತ ಸುಮಾರು 10,000 ಪಟ್ಟು ನಿಧಾನ. ಯಾರಾದರೂ ಕಲಕಲೇಬೇಕು.

ಮನೆಯ ಅಕ್ವೇರಿಯಂನ ಪಂಪು ಮಾಡುವುದೂ ಮುಖ್ಯವಾಗಿ ಕಲಕುವ ಕೆಲಸವೇ. ಗುಳ್ಳೆಯಿಂದ ನೇರ ಕರಗುವುದು ಕಮ್ಮಿ, ಗುಳ್ಳೆ ನೀರನ್ನು ಮೇಲಕ್ಕೆ ತಳ್ಳಿ ಗಾಳಿಗೆ ತೋರಿಸುತ್ತದೆ. ಕರಾವಳಿಯ ಸಿಗಡಿ ಕೊಳಗಳಲ್ಲಿ ತಿರುಗುವ ಚಕ್ರಗಳದ್ದೂ ಇದೇ ಕೆಲಸ. ಸಿಗಡಿ ಸಾಕುವವರು ಅದನ್ನು ರಾತ್ರಿಯೇ ಜಾಸ್ತಿ ಓಡಿಸುತ್ತಾರೆ, ನಡುರಾತ್ರಿ ಕರೆಂಟು ಹೋದರೆ ಎದ್ದು ಜನರೇಟರ್ ಕಡೆಗೆ ಓಡುತ್ತಾರೆ. ನಿಮ್ಮೂರ ಕೆರೆಯಲ್ಲಿ ಕಾರಂಜಿ ಇದ್ದರೆ ಅದು ಎಷ್ಟು ಹೊತ್ತಿಗೆ ನಿಲ್ಲುತ್ತದೆ ಅಂತ ಒಮ್ಮೆ ನೋಡಿ. ಸಂಜೆ ವಾಕಿಂಗ್ ಬಂದವರಿಗೆ ಚಂದ ಕಾಣಲಿ ಅಂತ ಓಡಿ 8 ಗಂಟೆಗೆ ನಿಂತರೆ, ಮೀನಿಗೆ ಅದು ಬೇಕಾಗುವುದು ಅಲ್ಲಿಂದ ಎಂಟು ಗಂಟೆ ಕಳೆದ ಮೇಲೆ.