ಪಾಲ್ ಸ್ಟೀಫನ್‌ಸನ್ ಕಟ್ಟಿಕೊಟ್ಟ ಪುರಾವೆ

ಬಾಡಿಗೆ ಮನೆ ಸಿಗದೆ ನಮ್ಮಂಥ ಬೆಂಗಳೂರಿನ ವಕೀಲರ ಬಳಿಗೆ ಬರುವ ಈಶಾನ್ಯ ರಾಜ್ಯಗಳ ಯುವಕರು ಮತ್ತು ಆಫ್ರಿಕಾದ ವಿದ್ಯಾರ್ಥಿಗಳು ಹೇಳುವುದು ಹೆಚ್ಚುಕಡಿಮೆ ಒಂದೇ ಮಾತು: ಫೋನಿನಲ್ಲಿ ಕೇಳಿದಾಗ ಮನೆ ಖಾಲಿ ಇತ್ತು, ಮುಖ ನೋಡಿದ ಮೇಲೆ ಇರಲಿಲ್ಲ. 2024ರ ನವೆಂಬರ್‌ನಲ್ಲಿ ನಿಧನರಾದ ಬ್ರಿಟನ್ನಿನ ವರ್ಣಭೇದ ವಿರೋಧಿ ಹೋರಾಟಗಾರ ಪಾಲ್ ಸ್ಟೀಫನ್‌ಸನ್ ಇಂಥದ್ದೇ ದೂರನ್ನು ಅಲ್ಲಗಳೆಯಲಾಗದ ಪುರಾವೆಯಾಗಿಸಿದವರು.

1963ರಲ್ಲಿ ಬ್ರಿಸ್ಟಲ್ ನಗರದ ಬಸ್ ಕಂಪನಿ ಕಪ್ಪು ವರ್ಣೀಯರನ್ನೂ ಏಷ್ಯನ್ನರನ್ನೂ ಡ್ರೈವರ್, ಕಂಡಕ್ಟರ್ ಕೆಲಸಕ್ಕೆ ಸೇರಿಸಿಕೊಳ್ಳುತ್ತಿರಲಿಲ್ಲ. ನೌಕರರ ಸಂಘದ ಸ್ಥಳೀಯ ಶಾಖೆಯೂ ಇದಕ್ಕೆ ಒತ್ತಾಸೆಯಾಗಿತ್ತು. ಸ್ಟೀಫನ್‌ಸನ್ ಮೊದಲು ಕಂಪನಿಗೆ ಫೋನ್ ಮಾಡಿ, ಕೆಲಸ ಖಾಲಿ ಇದೆಯೆಂದು ಖಚಿತಪಡಿಸಿಕೊಂಡು, ಗೈ ಬೇಯ್ಲಿ ಎಂಬ ಅರ್ಹ ಯುವಕನಿಗೆ ಸಂದರ್ಶನ ಗೊತ್ತುಮಾಡಿದರು. ಆತ ವೆಸ್ಟ್ ಇಂಡೀಸ್ ಮೂಲದವನೆಂದು ತಿಳಿದೊಡನೆ ಸಂದರ್ಶನ ರದ್ದಾಯಿತು. ಖಾಲಿ ಹುದ್ದೆ, ಅರ್ಹತೆ, ಒಪ್ಪಿಗೆ ಮೂರೂ ಮೊದಲೇ ಸಾಬೀತಾಗಿದ್ದರಿಂದ, ನಿರಾಕರಣೆಗೆ ಬಣ್ಣದ ಹೊರತು ಬೇರೆ ಕಾರಣ ಉಳಿಯಲಿಲ್ಲ. ಭಾಷಣಕ್ಕಿಂತ ಈ ಪೂರ್ವಸಿದ್ಧತೆಯೇ ನನಗೆ ದೊಡ್ಡದಾಗಿ ಕಾಣುತ್ತದೆ.

ಆದರೆ ಕಂಪನಿ ಮುರಿದ ಕಾನೂನು ಯಾವುದೂ ಇರಲಿಲ್ಲ. ಹಾಗಾಗಿ ಸ್ಟೀಫನ್‌ಸನ್ ಮತ್ತು ಸಂಗಾತಿಗಳು ಬಸ್ ಬಹಿಷ್ಕಾರಕ್ಕೆ ಕರೆಕೊಟ್ಟರು. ಸುಮಾರು ನಾಲ್ಕು ತಿಂಗಳ ಬಳಿಕ, ಆಗಸ್ಟ್ 28ರಂದು ಕಂಪನಿ ನಿರ್ಬಂಧ ತೆಗೆಯಿತು. ಸೆಪ್ಟೆಂಬರ್‌ನಲ್ಲಿ ನೇಮಕವಾದ ಮೊದಲ ಬಿಳಿಯೇತರ ಕಂಡಕ್ಟರ್ ರಘಬೀರ್ ಸಿಂಗ್ ಎಂಬ ಸಿಖ್ಖರು. ಮರುವರ್ಷ ಪಬ್ಬೊಂದರಲ್ಲಿ ಬಣ್ಣದ ಕಾರಣಕ್ಕೆ ಬಿಯರ್ ಕೊಡದಿದ್ದಾಗ ಎದ್ದುಹೋಗಲು ಒಪ್ಪದ ಸ್ಟೀಫನ್‌ಸನ್ ಬಂಧನಕ್ಕೊಳಗಾದರು, ಪ್ರಕರಣ ವಜಾ ಆಯಿತು. 1965ರ ಕಾಯ್ದೆ ಸಾರ್ವಜನಿಕ ಸ್ಥಳಗಳಲ್ಲಿ ಜನಾಂಗೀಯ ತಾರತಮ್ಯವನ್ನು ನಿಷೇಧಿಸಿತು. ಉದ್ಯೋಗ ಮತ್ತು ವಸತಿಗೆ ಆ ರಕ್ಷಣೆ ವಿಸ್ತರಿಸಿದ್ದು 1968ರಲ್ಲಿ.

ಪಬ್ಬಿನ ವಿಷಯದಲ್ಲಿ ನಾವು ಬ್ರಿಟನ್ನಿಗಿಂತ ಹದಿನೈದು ವರ್ಷ ಮುಂದಿದ್ದೆವು. ಅಂಗಡಿ, ಹೋಟೆಲುಗಳ ಪ್ರವೇಶಕ್ಕೆ ಜನಾಂಗದ ಕಾರಣದಿಂದ ತಡೆಯೊಡ್ಡಬಾರದೆಂದು ಸಂವಿಧಾನದ 15(2)ನೇ ವಿಧಿ 1950ರಿಂದಲೇ ಹೇಳುತ್ತಿದೆ. ಆದರೆ ಅದರ ರಕ್ಷಣೆ ನಾಗರಿಕರಿಗೆ ಮಾತ್ರ. ವಿದೇಶಿ ವಿದ್ಯಾರ್ಥಿ ಸಮಾನತೆಯ 14ನೇ ಮತ್ತು ಜೀವಿಸುವ ಹಕ್ಕಿನ 21ನೇ ವಿಧಿಯ ಮೊರೆಹೋಗಬೇಕು, ಅವು ಮುಖ್ಯವಾಗಿ ಸರ್ಕಾರದ ವಿರುದ್ಧ ನಡೆಯುವ ಅಸ್ತ್ರಗಳು. ಖಾಸಗಿ ಬಾಡಿಗೆ ಮನೆಯ ವಿಚಾರದಲ್ಲಂತೂ, ಪರಿಶಿಷ್ಟರ ಮೇಲಿನ ದೌರ್ಜನ್ಯ ತಡೆ ಕಾಯ್ದೆ ಅನ್ವಯಿಸಬಹುದಾದ ಸಂದರ್ಭಗಳನ್ನು ಬಿಟ್ಟರೆ, ನಾವು ಇನ್ನೂ 1963ರ ಬ್ರಿಸ್ಟಲ್‌ನಲ್ಲೇ ಇದ್ದೇವೆ.

ದೆಹಲಿಯಲ್ಲಿ ಅರುಣಾಚಲದ ವಿದ್ಯಾರ್ಥಿಯೊಬ್ಬನ ಸಾವಿನ ನಂತರ 2014ರಲ್ಲಿ ನೇಮಕವಾದ ಬೆಜ್‌ಬರುವಾ ಸಮಿತಿ ಈಶಾನ್ಯ ರಾಜ್ಯಗಳವರಿಗೆ ಪ್ರತ್ಯೇಕ ಕಾನೂನು ರಕ್ಷಣೆಗೆ ಶಿಫಾರಸು ಮಾಡಿತ್ತು. 2024ರ ಜುಲೈಯಲ್ಲಿ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 103(2)ನೇ ಕಲಂ, ಐದು ಅಥವಾ ಹೆಚ್ಚು ಮಂದಿ ಗುಂಪುಗೂಡಿ ಜನಾಂಗದ ಕಾರಣಕ್ಕೆ ನಡೆಸುವ ಕೊಲೆಗೆ ಶಿಕ್ಷೆ ಹೇಳುತ್ತದೆ. ಗೇಟಿನ ಬಳಿ ನಿಂತು ‘ಮನೆ ಕೊಡುವುದಿಲ್ಲ’ ಎನ್ನುವ ಒಬ್ಬ ಮಾಲೀಕರಿಗೆ ಅದು ತಗಲುವುದಿಲ್ಲ. ಆದರೂ ಜಾಹೀರಾತಿನ ಸ್ಕ್ರೀನ್‌ಶಾಟ್, ಕರೆಯ ಸಮಯ, ಬ್ರೋಕರ್ ಕಳಿಸಿದ ವಾಟ್ಸ್‌ಆ್ಯಪ್ ಸಂದೇಶ, ಇವನ್ನೆಲ್ಲ ಅಳಿಸದೆ ಇಟ್ಟುಕೊಳ್ಳಿ ಎಂದೇ ಕಕ್ಷಿದಾರರಿಗೆ ಹೇಳುತ್ತೇನೆ. ಕೊಟ್ಟ ಮುಂಗಡ ವಾಪಸು ಪಡೆಯುವ ದಾವೆಗಾದರೂ ಅವು ಬೇಕಾಗುತ್ತವೆ.