ರಿಯಾಕ್ಟರ್ ನಿಲ್ಲುತ್ತದೆ, ಆರುವುದಿಲ್ಲ

ಚಿಕ್ಕಪ್ಪನ ಮಗಳ ಮದುವೆಗೆ ನಾನು ಹೋಗಿ ಮುಟ್ಟಿದ್ದು ಹಿಂದಿನ ದಿನ ರಾತ್ರಿ ಹತ್ತಕ್ಕೆ. ಚಪ್ಪರದ ಕೆಲಸ ಮುಗಿದಿತ್ತು, ನೆಂಟರೆಲ್ಲ ಉಂಡು ಮಲಗಿದ್ದರು. ಅತ್ತೆ ಮಾತ್ರ ಎಚ್ಚರವಿದ್ದರು. ತಟ್ಟೆ ಇಡುತ್ತಲೇ ಶುರು ಮಾಡಿದರು. "ನಿಮ್ಮ ರಿಯಾಕ್ಟರ್ ಬಂದ್ ಆಗಿದೆ ಅಂತ ಫೋನಲ್ಲಿ ನೀನೇ ಹೇಳಿದ್ದೆ. ಬಂದ್ ಆದ ಮೇಲೆ ಅಲ್ಲಿ ನಿನಗೇನೋ ಕೆಲಸ? ನಾಲ್ಕು ದಿನ ಮೊದಲೇ ಬರೋದಕ್ಕೆ ಏನಾಗಿತ್ತು?"

ಅತ್ತೆಗೆ ಅಣುಸ್ಥಾವರ ಗೊತ್ತಿಲ್ಲ, ಅದು ಅವರ ತಪ್ಪಲ್ಲ. ಆದರೆ ಇದೇ ಪ್ರಶ್ನೆಯನ್ನು ಕಾಲೇಜು ಪ್ರಾಧ್ಯಾಪಕರು ಕೇಳಿದ್ದಾರೆ, ಪತ್ರಕರ್ತರು ಕೇಳಿದ್ದಾರೆ. ಇಂಜಿನಿಯರಿಂಗ್ ಮುಗಿಸಿ ತರಬೇತಿಗೆ ಬಂದ ಹುಡುಗರ ಮನಸ್ಸಿನಲ್ಲೂ ಇದೇ ಇರುತ್ತದೆ, ಬಾಯಿ ಬಿಟ್ಟು ಕೇಳುವುದಿಲ್ಲ ಅಷ್ಟೆ. ಓಡುವಾಗ ಅಪಾಯ, ನಿಲ್ಲಿಸಿದರೆ ನಿಶ್ಚಿಂತೆ ಅನ್ನುವುದು ಅವರೆಲ್ಲರ ಲೆಕ್ಕ. ಇಪ್ಪತ್ತೆರಡು ವರ್ಷ ಕಂಟ್ರೋಲ್ ರೂಮಿನಲ್ಲಿ ಶಿಫ್ಟ್ ಮಾಡಿದ್ದೇನೆ. ಈ ಒಂದು ತಪ್ಪು ತಿಳಿವಳಿಕೆಯಷ್ಟು ನನ್ನನ್ನು ಕಾಡಿದ್ದು ಬೇರೆ ಯಾವುದೂ ಇಲ್ಲ.

ನನ್ನ ಅನುಭವ ಭಾರಜಲದ, ಅಂದರೆ ಭಾರದ ಹೈಡ್ರೋಜನ್ ಇರುವ ನೀರಿನಿಂದ ಇಂಧನ ತಣಿಸುವ ರಿಯಾಕ್ಟರಿನದ್ದು. ನಮ್ಮ ಕೈಗಾದಲ್ಲಿ ನಾಲ್ಕಿವೆಯಲ್ಲ, ಆ 220 ಮೆಗಾವ್ಯಾಟ್ ಜಾತಿಯದ್ದು. ಕೂಡಂಕುಳಂನದ್ದು ಬೇರೆ ಜಾತಿ. ಅಲ್ಲಿನ ಕಂಟ್ರೋಲ್ ಪ್ಯಾನೆಲ್ ಬಗ್ಗೆ ನಾನು ಮಾತಾಡಬಾರದು. ಆದರೆ ಈಗ ಹೇಳಹೊರಟ ವಿಷಯ ಯುರೇನಿಯಂ ಸೀಳುವ ಎಲ್ಲ ವಿದ್ಯುತ್ ಸ್ಥಾವರಕ್ಕೂ ಒಂದೇ.

ಇದಕ್ಕೆ ನಮ್ಮ ಭಾಷೆಯೂ ಸ್ವಲ್ಪ ಕಾರಣ ಅಂತ ನನಗೆ ಅನ್ನಿಸುತ್ತದೆ. ಕನ್ನಡದಲ್ಲಿ ದೀಪ ಆರುತ್ತದೆ, ಕಾಫಿಯೂ ಆರುತ್ತದೆ. ಒಲೆ ಆರಿತು ಅಂದರೆ ಬೆಂಕಿ ಹೋಯಿತು ಅಂತಲೂ ಹೌದು, ಇನ್ನು ತಣ್ಣಗಾಗುತ್ತದೆ ಅಂತಲೂ ಹೌದು. ಉರಿ ನಿಲ್ಲುವುದಕ್ಕೂ ಬಿಸಿ ಇಳಿಯುವುದಕ್ಕೂ ಒಂದೇ ಮಾತು. ಅಡುಗೆಮನೆಯಲ್ಲಿ ಅದು ಸರಿಯೇ. ಉರಿ ಹೋದ ಮೇಲೆ ಬಿಸಿ ತಾನಾಗಿಯೇ ಹೋಗುತ್ತದೆ, ಯಾರೂ ಕಾಯಬೇಕಾಗಿಲ್ಲ. ರಿಯಾಕ್ಟರಿನಲ್ಲಿ ಇವೆರಡೂ ಬೇರೆ ಬೇರೆ ಕೆಲಸ. ಮೊದಲನೆಯದು ಎರಡು-ಮೂರು ಸೆಕೆಂಡಿನದ್ದು. ಎರಡನೆಯದು ವಾರಗಟ್ಟಲೆ, ತಿಂಗಳುಗಟ್ಟಲೆ ನಡೆಯುವಂಥದ್ದು.

ಸ್ವಲ್ಪ ಲೆಕ್ಕ ಹೇಳುತ್ತೇನೆ. 220 ಮೆಗಾವ್ಯಾಟ್ ವಿದ್ಯುತ್ ಕೊಡಲು ರಿಯಾಕ್ಟರಿನೊಳಗೆ ಸುಮಾರು 750 ಮೆಗಾವ್ಯಾಟ್ ಶಾಖ ಹುಟ್ಟುತ್ತಿರುತ್ತದೆ. ನ್ಯೂಟ್ರಾನುಗಳನ್ನು ಹೀರುವ ತಡೆಸರಳುಗಳು ಬಿದ್ದು ಯುರೇನಿಯಂ ಸೀಳುವುದು ನಿಂತ ಕ್ಷಣದಲ್ಲಿ ಅದು ಸೊನ್ನೆಗೆ ಇಳಿಯುವುದಿಲ್ಲ. ಶೇಕಡಾ 6-7 ಉಳಿಯುತ್ತದೆ, ಅಂದರೆ 50 ಮೆಗಾವ್ಯಾಟ್ ಹತ್ತಿರ. ಒಂದು ಗಂಟೆ ಕಳೆದ ಮೇಲೆ ಶೇಕಡಾ ಒಂದಕ್ಕಿಂತ ತುಸು ಜಾಸ್ತಿ. ಒಂದು ದಿನದ ಮೇಲೆ ಶೇಕಡಾ ಅರ್ಧದಷ್ಟು. ಅರ್ಧ ಪರ್ಸೆಂಟ್ ಅಂದರೆ ಏನು ಮಹಾ ಅನ್ನಿಸಬಹುದು. ಅದು ಮೂರೂವರೆ ಮೆಗಾವ್ಯಾಟಿಗೂ ಮೇಲೆ. ಮನೆಯ ಇಂಡಕ್ಷನ್ ಒಲೆಗಳನ್ನು ಪೂರ್ತಿ ಉರಿಯಲ್ಲಿಟ್ಟರೆ ಸಾವಿರದ ಏಳುನೂರು ಒಲೆ ಬೇಕು. ಕುದಿಯುತ್ತಿರುವ ನೀರಿಗೆ ಅಷ್ಟು ಶಾಖ ಕೊಟ್ಟರೆ ಹತ್ತು ಸೆಕೆಂಡಿಗೆ ಒಂದು ಕೊಡ ನೀರು ಆವಿಯಾಗಿ ಹೋಗುತ್ತದೆ. ಇದು ನಿಂತಿರುವ ರಿಯಾಕ್ಟರ್. ತಿಂಗಳು ಕಳೆದರೂ ಒಂದು ಮೆಗಾವ್ಯಾಟಿನ ಆಸುಪಾಸು ಇರುತ್ತದೆ. ಎಷ್ಟು ದಿನ ಓಡಿತ್ತು, ಇಂಧನ ಎಷ್ಟು ಹಳೆಯದು ಅನ್ನುವುದರ ಮೇಲೆ ಈ ಅಂಕಿ ಹಿಂದೆಮುಂದೆ ಆಗುತ್ತದೆ. ಅಂದಾಜಿಗೆ ಇಷ್ಟು ಸಾಕು.

ಇಲ್ಲಿಗೆ ಬಂದಾಗ ಕೇಳುವವರು ತಲೆಯಾಡಿಸುತ್ತಾರೆ. "ಗೊತ್ತಾಯ್ತು ಬಿಡಿ, ಇಸ್ತ್ರಿ ಪೆಟ್ಟಿಗೆ ಪ್ಲಗ್ ಕಿತ್ತ ಮೇಲೂ ಸ್ವಲ್ಪ ಹೊತ್ತು ಬಿಸಿ ಇರುತ್ತಲ್ಲ, ಹಾಗೆ." ಹಾಗಲ್ಲ! ಅಲ್ಲೇ ಎಡವುವುದು. ಇಸ್ತ್ರಿ ಪೆಟ್ಟಿಗೆಯಲ್ಲಿ ಇರುವುದು ಹಳೆಯ ಬಿಸಿ. ಅದು ಖರ್ಚಾಗುತ್ತಾ ಹೋಗುತ್ತದೆ, ಹೊಸದು ಸೇರುವುದಿಲ್ಲ. ರಿಯಾಕ್ಟರಿನ ಇಂಧನದಲ್ಲಿ ಪ್ರತಿ ಕ್ಷಣವೂ ಹೊಸ ಶಾಖ ಹುಟ್ಟುತ್ತಿರುತ್ತದೆ. ಯುರೇನಿಯಂ ಸೀಳಿದಾಗ ಆದ ಚೂರುಗಳಿಗೆ ನೆಮ್ಮದಿ ಇಲ್ಲ. ಅವು ವಿಕಿರಣ ಬಿಡುತ್ತಾ ಬೇರೆ ಧಾತುವಾಗುತ್ತಾ ಹೋಗುತ್ತವೆ, ಹಾಗೆ ಆಗುವಾಗೆಲ್ಲ ಬಿಸಿ ಹುಟ್ಟುತ್ತದೆ. ಅದಕ್ಕೆ ಸ್ವಿಚ್ ಇಲ್ಲ. ತಡೆಸರಳು ಅದನ್ನು ತಡೆಯುವುದಿಲ್ಲ. ನಾವು ಇದಕ್ಕೆ ಡಿಕೇ ಹೀಟ್ ಅನ್ನುತ್ತೇವೆ. ಕೆಲವರು ಕನ್ನಡದಲ್ಲಿ "ಉಳಿದ ಶಾಖ" ಅನ್ನುತ್ತಾರೆ. ದಯವಿಟ್ಟು ಹಾಗೆ ಹೇಳಬೇಡಿ. ಉಳಿದದ್ದಲ್ಲ ಅದು, ಹುಟ್ಟುತ್ತಿರುವುದು.

ಅತ್ತೆಗೆ ಆ ರಾತ್ರಿ ಹೇಗೆ ಹೇಳಲಿ ಅಂತ ಹೊಳೆಯಲಿಲ್ಲ. ಬೆಳಿಗ್ಗೆ ಎದ್ದು ಕೊಟ್ಟಿಗೆ ಕಡೆ ಹೋದೆ. ಮಾಘದ ಚಳಿ. ಕೆಲಸದವನು ಗೊಬ್ಬರದ ಗುಂಡಿ ಕೆದಕುತ್ತಿದ್ದ, ಒಳಗಿಂದ ಹಬೆ ಏಳುತ್ತಿತ್ತು. ಅತ್ತೆಯನ್ನು ಕರೆದು ತೋರಿಸಿದೆ. ಈ ಗುಂಡಿಗೆ ಯಾರೂ ಬೆಂಕಿ ಹಚ್ಚಿಲ್ಲ. ಸೊಪ್ಪು, ಸಗಣಿ ಹಾಕುವುದನ್ನು ನಿಲ್ಲಿಸಿ ವಾರವಾಗಿದೆ. ಆದರೂ ಒಳಗೆ ಕೈ ಇಡಲು ಆಗುವುದಿಲ್ಲ. ಇವತ್ತಿನ ಬಿಸಿ ಹೋದ ವಾರ ಉಳಿದದ್ದಲ್ಲ, ಇವತ್ತೇ ಹುಟ್ಟಿದ್ದು. ದಿನ ಹೋದಂತೆ ಕಮ್ಮಿಯಾಗುತ್ತದೆ. ನಾವು ಬೇಗ ಆರು ಅಂದರೆ ಆರುವುದಿಲ್ಲ. ಗುಂಡಿಯೊಳಗೆ ನಡೆಯುವುದು ಬೇರೆಯೇ ಕೆಲಸ, ಅಲ್ಲಿ ಪರಮಾಣು ಒಡೆಯುವುದಿಲ್ಲ. ಆದರೆ ಹೊರಗಿನಿಂದ ಏನೂ ಕೊಡದಿದ್ದರೂ ಒಳಗೆ ಬಿಸಿ ಹುಟ್ಟುತ್ತದೆ ಅನ್ನುವುದು ಇದಕ್ಕಿಂತ ಚೆನ್ನಾಗಿ ಎಲ್ಲೂ ಕಾಣಲಿಕ್ಕಿಲ್ಲ. ಅತ್ತೆ ಒಂದು ನಿಮಿಷ ನೋಡಿ, "ಹಾಗಾದ್ರೆ ಯಾರಾದ್ರೂ ನೀರು ಬಿಡ್ತಾ ಇರ್ಬೇಕು ಅನ್ನು" ಅಂದರು. ಇಂಜಿನಿಯರಿಂಗ್ ಓದಿದವರಿಗೆ ನಾನು ಮೂರು ತರಗತಿ ತೆಗೆದುಕೊಂಡು ಹೇಳುವ ಮಾತು ಅದು.

ರಿಯಾಕ್ಟರ್ ಟ್ರಿಪ್ ಆದಾಗ, ಅಂದರೆ ಥಟ್ಟನೆ ನಿಂತಾಗ, ನಾವು ಮಾಡುವುದೂ ಅದನ್ನೇ. ಅಲಾರಂ ಕಿಟಕಿಗಳು ಸಾಲುಸಾಲಾಗಿ ಹೊತ್ತಿಕೊಳ್ಳುತ್ತವೆ. ಸರಳುಗಳೆಲ್ಲ ಬಿದ್ದಿವೆಯಾ ಅಂತ ಒಬ್ಬರು ನೋಡಿ ಗಟ್ಟಿಯಾಗಿ ಹೇಳುತ್ತಾರೆ. ಇನ್ನೊಬ್ಬರು ಅದನ್ನೇ ತಿರುಗಿ ಹೇಳುತ್ತಾರೆ. ಅದು ಕೆಲವೇ ಕ್ಷಣ. ಆಮೇಲೆ ಎಲ್ಲರ ಕಣ್ಣೂ ತಣಿಸುವ ಕಡೆ. ಭಾರಜಲ ಇಂಧನದ ಮೇಲೆ ಹರಿಯುತ್ತಿದೆಯಾ? ಭಾರಜಲದ ಬಿಸಿಯಿಂದ ಮಾಮೂಲಿ ನೀರನ್ನು ಆವಿ ಮಾಡುವ ಸ್ಟೀಮ್ ಜನರೇಟರಿಗೆ ಆ ನೀರು ಹೋಗುತ್ತಿದೆಯಾ? ಪಂಪಿಗೆ ಕರೆಂಟ್ ಇದೆಯಾ? ಅದು ಹೋದರೆ ಡೀಸೆಲ್ ಜನರೇಟರ್ ಹತ್ತುತ್ತದೆಯಾ? ಮೊದಮೊದಲು ಸ್ಟೀಮ್ ಜನರೇಟರ್ ಮೂಲಕವೇ ಶಾಖ ಹೊರಗೆ ಹೋಗುತ್ತದೆ. ಸುಮಾರು 150 ಡಿಗ್ರಿಗೆ ಇಳಿದ ಮೇಲೆ ಶಟ್‌ಡೌನ್ ಕೂಲಿಂಗ್ ಅನ್ನುವ ಬೇರೆ ಪಂಪುಗಳಿಗೆ ಕೆಲಸ ಒಪ್ಪಿಸುತ್ತೇವೆ. ಆ ಪಂಪುಗಳನ್ನು ಹಗಲೂ ರಾತ್ರಿ ಯಾರಾದರೂ ನೋಡುತ್ತಿರಲೇಬೇಕು.

"ಅಷ್ಟು ಕಷ್ಟ ಯಾಕೆ, ಬಂದ್ ಆಗಿದ್ದನ್ನ ತಕ್ಷಣ ಮತ್ತೆ ಶುರು ಮಾಡಿದರಾಯ್ತಲ್ಲ" ಅನ್ನುವವರೂ ಇದ್ದಾರೆ. ಅದಕ್ಕೂ ಆ ಚೂರುಗಳೇ ಅಡ್ಡ. ಅಯೋಡಿನ್-135 ಕ್ಷಯಿಸಿ ಝೆನಾನ್-135 ಆಗುತ್ತದೆ. ಯುರೇನಿಯಂ ಸೀಳಲು ಬೇಕಾದ ನ್ಯೂಟ್ರಾನುಗಳನ್ನು ಈ ಝೆನಾನ್ ನುಂಗಿಹಾಕುತ್ತದೆ. ಓಡುವಾಗ ಹುಟ್ಟಿದ್ದು ಹುಟ್ಟಿದಂತೆ ಬಹುಪಾಲು ಸವೆದುಹೋಗುತ್ತಿರುತ್ತದೆ. ನಿಂತ ಮೇಲೆ ಹುಟ್ಟುವುದು ಮುಂದುವರಿಯುತ್ತದೆ, ಸವೆಯುವುದು ನಿಧಾನವಾಗುತ್ತದೆ. ನಮ್ಮ ಜಾತಿಯ ರಿಯಾಕ್ಟರಿನಲ್ಲಿ ಅರ್ಧ ಗಂಟೆಯ ಆಸುಪಾಸಿನಲ್ಲಿ ಕಾರಣ ಹುಡುಕಿ, ಸರಿಪಡಿಸಿ ಮತ್ತೆ ಶುರು ಮಾಡದಿದ್ದರೆ ಸುಮಾರು ಒಂದೂವರೆ ದಿನ ಕಾಯಬೇಕು. ಪಾಯ್ಸನ್ ಔಟ್ ಆಯ್ತು ಅನ್ನುತ್ತೇವೆ. ಕಾರಣ ಗೊತ್ತಿಲ್ಲದೆ ಅವಸರದಲ್ಲಿ ಶುರು ಮಾಡುವುದಕ್ಕಿಂತ ಒಂದೂವರೆ ದಿನ ಕಾಯುವವನೇ ಒಳ್ಳೆಯ ಆಪರೇಟರ್. ಇದನ್ನು ನನ್ನ ಹಿರಿಯರು ನನಗೆ ಕಲಿಸಿದ್ದು.

ನಿಲ್ಲಿಸುವುದು ಸುಲಭ, ತಣಿಸುವುದು ಕಷ್ಟ ಅನ್ನುವುದಕ್ಕೆ ನಮ್ಮ ದೇಶದ್ದೇ ಒಂದು ಉದಾಹರಣೆ ಇದೆ. ಉತ್ತರ ಪ್ರದೇಶದ ನರೋರಾ, 1993ರ ಮಾರ್ಚ್ 31ರ ನಸುಕು. ಟರ್ಬೈನಿನ ಎರಡು ಬ್ಲೇಡ್ ಮುರಿದವು. ಜನರೇಟರ್ ತಣಿಸಲು ತುಂಬಿದ್ದ ಹೈಡ್ರೋಜನ್ ಸೋರಿ ಬೆಂಕಿ ಹೊತ್ತಿತು. ಒಂದು ನಿಮಿಷದೊಳಗೆ ಆಪರೇಟರುಗಳು ರಿಯಾಕ್ಟರ್ ನಿಲ್ಲಿಸಿದರು. ಆ ಕೆಲಸ ಮುಗಿಯಿತು. ಆದರೆ ಕೇಬಲ್ ಸುಟ್ಟು ಇಡೀ ಘಟಕಕ್ಕೆ ವಿದ್ಯುತ್ ಹೋಯಿತು, ತುರ್ತು ವಿದ್ಯುತ್ ಕೂಡ ಇಲ್ಲ. ಕಂಟ್ರೋಲ್ ರೂಮಿಗೆ ಹೊಗೆ ತುಂಬಿ ಹೊರಗೆ ಬರಬೇಕಾಯಿತು. ಕೆಲವರು ಟಾರ್ಚ್ ಹಿಡಿದು ಕತ್ತಲೆಯಲ್ಲಿ ರಿಯಾಕ್ಟರ್ ಕಟ್ಟಡ ಹತ್ತಿ, ಮತ್ತೆ ಸೀಳುವಿಕೆ ಶುರುವಾಗದ ಹಾಗೆ ಬೋರಾನ್ ದ್ರಾವಣದ ಕವಾಟಗಳನ್ನು ಕೈಯಿಂದಲೇ ತೆರೆದರು. ಬೆಂಕಿ ಆರಿಸಲೆಂದು ಇಟ್ಟಿದ್ದ ಡೀಸೆಲ್ ಪಂಪುಗಳಿಂದ ಸ್ಟೀಮ್ ಜನರೇಟರಿಗೆ ನೀರು ಹಾಯಿಸಿದರು. ಸ್ಟೀಮ್ ಜನರೇಟರ್ ಇಂಧನಕ್ಕಿಂತ ಎತ್ತರದಲ್ಲಿದೆ. ಹಾಗಾಗಿ ಬಿಸಿ ಭಾರಜಲ ತಾನಾಗಿ ಮೇಲೇರಿ, ತಣಿದು ಕೆಳಗಿಳಿಯುತ್ತಾ ಪಂಪ್ ಇಲ್ಲದೆಯೂ ಸುತ್ತುತ್ತಿತ್ತು. ಹದಿನೇಳು ಗಂಟೆ ಹೀಗೇ ನಡೆಯಿತು. ಇಂಧನಕ್ಕೆ ಏನೂ ಆಗಲಿಲ್ಲ. ನಾನು ನೋಡಿದ್ದಲ್ಲ ಇದು, ತರಬೇತಿಯಲ್ಲಿ ಓದಿದ್ದು. ಆದರೂ ಆ ಟಾರ್ಚ್ ಹಿಡಿದು ಹತ್ತಿದವರನ್ನು ನೆನೆದರೆ ಇಂದಿಗೂ ಕೈಮುಗಿಯಬೇಕು ಅನ್ನಿಸುತ್ತದೆ.

ಫುಕುಶಿಮಾ ಎಲ್ಲರಿಗೂ ಗೊತ್ತು, ಉದ್ದ ಹೇಳುವುದಿಲ್ಲ. 2011ರ ಮಾರ್ಚ್ 11ರಂದು ಭೂಕಂಪವಾದಾಗ ಓಡುತ್ತಿದ್ದ ಮೂರೂ ರಿಯಾಕ್ಟರ್ ಸರಿಯಾಗಿಯೇ ನಿಂತವು. ಸುನಾಮಿ ಬಂದದ್ದು ಮುಕ್ಕಾಲು ಗಂಟೆ ದಾಟಿದ ಮೇಲೆ. ಡೀಸೆಲ್ ಜನರೇಟರುಗಳು ನೀರಿನಲ್ಲಿ ಮುಳುಗಿದವು, ತಣಿಸುವುದು ನಿಂತಿತು. ಮೂರರಲ್ಲೂ ಇಂಧನ ಕರಗಿತು. ಕರಗಿದ್ದು ಬಂದ್ ಆಗಿದ್ದ ರಿಯಾಕ್ಟರುಗಳು.

ಇಷ್ಟೆಲ್ಲ ಓದಿಕೊಂಡವರಲ್ಲೂ ಮರೆವು ಬರುತ್ತದೆ. ಒಮ್ಮೆ ದುರಸ್ತಿಗೆಂದು ನಿಲ್ಲಿಸಿದ ನಾಲ್ಕನೆಯ ದಿನ, ಒಬ್ಬ ಹುಡುಗ ವರ್ಕ್ ಪರ್ಮಿಟ್ ಹಿಡಿದು ನನ್ನ ಮೇಜಿಗೆ ಬಂದ. ಬಹಳ ಚುರುಕು, ಕೆಲಸ ಅಂದರೆ ಪ್ರಾಣ. "ಸಾರ್, ಬಂದ್ ಆಗಿ ನಾಲ್ಕು ದಿನ ಆಯ್ತು. ಕೂಲಿಂಗಿಗೆ ಒಂದು ಪಂಪ್ ಸಾಕಲ್ವಾ? ಇನ್ನೊಂದನ್ನ ಇವತ್ತೇ ಬಿಚ್ಚಿಬಿಡೋಣ, ಶೆಡ್ಯೂಲ್ ಹಿಂದೆ ಬಿದ್ದಿದೆ" ಅಂದ. ನನಗೆ ಸಿಟ್ಟು ಬಂತು, ನಿಜ. ಆದರೆ ಬೈದರೆ ಅವನು ನನ್ನ ಸಿಟ್ಟನ್ನು ನೆನಪಿಟ್ಟುಕೊಳ್ಳುತ್ತಾನೆ, ವಿಷಯವನ್ನಲ್ಲ. ಒಂದು ಹಾಳೆ ಕೊಟ್ಟು ಕೂರಿಸಿದೆ. ಈ ಕ್ಷಣ ಎಷ್ಟು ಶಾಖ ಹುಟ್ಟುತ್ತಿದೆ ಬರೆ. ಓಡುತ್ತಿರುವ ಪಂಪ್ ನಿಂತುಹೋದರೆ ನೀರು ಕುದಿಯಲು ಎಷ್ಟು ಹೊತ್ತು ಬೇಕು ಬರೆ. ಬಿಚ್ಚಿದ ಪಂಪನ್ನು ಮತ್ತೆ ಜೋಡಿಸಲು ಎಷ್ಟು ಹೊತ್ತು ಬೇಕು, ಅದನ್ನೂ ಬರೆ. ಮೊದಲ ಲೆಕ್ಕಕ್ಕೆ ಎರಡು ಮೆಗಾವ್ಯಾಟಿಗಿಂತ ಮೇಲೆ ಬಂತು. ಉಳಿದೆರಡನ್ನು ಪಕ್ಕಪಕ್ಕ ಇಟ್ಟು ನೋಡಿದ. ಏನೂ ಮಾತಾಡದೆ ಪರ್ಮಿಟ್ ಮಡಚಿ ಜೇಬಿಗೆ ಹಾಕಿಕೊಂಡ. ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಲೈಸೆನ್ಸ್ ಪರೀಕ್ಷೆ ಪಾಸಾಗಿ ಈಗ ಅವನೂ ಪ್ಯಾನೆಲ್ ಮುಂದೆ ಕೂರುತ್ತಾನೆ. ಆ ಹಾಳೆ ಇನ್ನೂ ಇಟ್ಟುಕೊಂಡಿದ್ದಾನಂತೆ.

ಕೈಗಾದ ಒಂದನೇ ಘಟಕ 2016ರ ಮೇ 13ರಿಂದ 2018ರ ಡಿಸೆಂಬರ್ 31ರವರೆಗೆ 962 ದಿನ ನಿಲ್ಲದೆ ಓಡಿತು. ಅಂದಿಗೆ ಅದು ವಿಶ್ವದಾಖಲೆ. ಮುಂದೆ ಕೆನಡಾದ ಒಂದು ರಿಯಾಕ್ಟರ್ ಅದನ್ನು ಮುರಿಯಿತು. ಆ 962 ದಿನ ನಮ್ಮವರೆಲ್ಲರ ಬಾಯಲ್ಲಿದೆ, ಹೆಮ್ಮೆಯ ವಿಷಯವೇ. ಆದರೆ 963ನೆಯ ದಿನ, ಊರೆಲ್ಲ ಹೊಸ ವರ್ಷ ಆಚರಿಸುವಾಗ, ಆ ನಿಂತ ರಿಯಾಕ್ಟರಿನ ಪಂಪುಗಳನ್ನು ನೋಡುತ್ತಾ ಕೂತವರನ್ನು ಯಾರೂ ಕೇಳಲಿಲ್ಲ. ನನಗೆ ಅವರ ಮೇಲೆ ಅಕ್ಕರೆ ಒಂದು ತೂಕ ಜಾಸ್ತಿ.

ಇನ್ನೊಂದು ಎಚ್ಚರಿಕೆ. ಇದನ್ನು ಓದಿ, ಬಂದ್ ಆದ ರಿಯಾಕ್ಟರ್ ಅಂದರೆ ಬಾಂಬ್ ಅಂತ ಹೆದರಬೇಡಿ. ದುರಸ್ತಿಗೆ ನಿಲ್ಲಿಸುವುದು ಮಾಮೂಲಿ ಕೆಲಸ. ತಣಿಸುವ ದಾರಿಗಳು ಒಂದಕ್ಕೆ ಎರಡು, ಎರಡಕ್ಕೆ ಮೂರು ಇರುತ್ತವೆ. ಅಷ್ಟು ಇಟ್ಟಿರುವುದೇ ಈ ಶಾಖಕ್ಕಾಗಿ. ಮುಂದೆ ಎಲ್ಲಾದರೂ ರಿಯಾಕ್ಟರ್ ತಾನಾಗಿ ನಿಂತಿತು ಅಂತ ಸುದ್ದಿ ಬಂದರೆ, ನಿಂತಿತಾ ಅಂತ ಕೇಳಿ ಸುಮ್ನೆ ಆಗಬೇಡಿ. ತಣಿಸುವುದು ನಡೆಯುತ್ತಿದೆಯಾ, ಪಂಪಿಗೆ ವಿದ್ಯುತ್ ಎಲ್ಲಿಂದ ಬರುತ್ತಿದೆ ಅಂತ ಕೇಳಿ. ಬೆಳಿಗ್ಗೆ ಏಳರ ಶಿಫ್ಟಿಗೆ ಬಂದವನು ಲಾಗ್ ಪುಸ್ತಕ ತೆರೆದಾಗ ಅವನ ಬೆರಳು ಮೊದಲು ಹೋಗುವುದೂ ಅಲ್ಲಿಗೇ. ಭಾರಜಲದ ಉಷ್ಣತೆ ಎಷ್ಟು, ಯಾವ ಪಂಪ್ ಓಡುತ್ತಿದೆ, ಯಾವುದು ಸಿದ್ಧವಿದೆ, ಯಾವ ಡೀಸೆಲ್ ಜನರೇಟರ್ ದುರಸ್ತಿಯಲ್ಲಿದೆ. ಅವನು ಅಷ್ಟನ್ನೂ ಓದಿ, ಪ್ಯಾನೆಲ್ ನೋಡಿ, ಸಹಿ ಹಾಕುವವರೆಗೆ ರಾತ್ರಿ ಪಾಳಿಯವನು ಮನೆಗೆ ಹೋಗುವಂತಿಲ್ಲ, ಅವತ್ತು ಮನೆಯಲ್ಲಿ ಮದುವೆ ಇದ್ದರೂ.