‘ಚೆಕ್’ ಪದದೊಳಗೆ ಒಬ್ಬ ರಾಜ: ಒಂದು ಅಧ್ಯಯನ ಟಿಪ್ಪಣಿ

ಮೊದಲು ಈ ಆರು ಸಾಲು ಓದಿಕೊಳ್ಳಿ.

ಬಸ್ ಹತ್ತಿದ ಇನ್ಸ್‌ಪೆಕ್ಟರ್ ಎಲ್ಲರ ಟಿಕೆಟ್ ಚೆಕ್ ಮಾಡಿದರು.
ಅವನು ಕೊಟ್ಟ ಚೆಕ್ ಬೌನ್ಸ್ ಆಯಿತು.
ಅಣ್ಣ ನೀಲಿ ಚೆಕ್ಸ್ ಶರ್ಟ್ ಹಾಕಿಕೊಂಡು ಬಂದ.
ಹಳ್ಳಕ್ಕೆ ಚೆಕ್ ಡ್ಯಾಮ್ ಕಟ್ಟಿದ ಮೇಲೆ ನಮ್ಮ ಬಾವಿಯಲ್ಲಿ ನೀರು ನಿಂತಿತು.
ಚೆಕ್ ಗಣರಾಜ್ಯದ ರಾಜಧಾನಿ ಪ್ರಾಗ್.
ಕ್ರಯಪತ್ರದಲ್ಲಿ ಚೆಕ್ಕುಬಂದಿ ಸರಿಯಾಗಿ ಬರೆದಿದ್ದಾರಾ ನೋಡಿ.

ಕಿವಿಗೆ ಆರೂ ಒಂದೇ. ಆದರೆ ಇವುಗಳಲ್ಲಿ ನಾಲ್ಕು ಒಂದೇ ಮನೆಯವು, ಎರಡು ಪೂರ್ತಿ ಬೇರೆ ಊರಿನವು. ಯಾವ ಎರಡು ಎಂದು ನಿಮಗೆ ಆಗಲೇ ಅನುಮಾನ ಬಂದಿರಬಹುದು. ಅವುಗಳ ಮಾತು ಕೊನೆಯಲ್ಲಿ. ಮೊದಲು ಮನೆಯವರನ್ನು ನೋಡೋಣ.

ಈ ಪದದ ಬೆನ್ನು ಹತ್ತಲು ನನಗೊಂದು ಕಾರಣವಿತ್ತು. ಪದವಿ ತರಗತಿಯಲ್ಲಿ ಅನುವಾದಕ್ಕೆ ಕೊಟ್ಟಿದ್ದ ಒಂದು ವಾಕ್ಯ ‘ಹಿ ಚೆಕ್ಡ್ ಹಿಸ್ ಆಂಗರ್’. ‘ಅವನು ತನ್ನ ಕೋಪವನ್ನು ಪರೀಕ್ಷಿಸಿಕೊಂಡ’ ಎಂದು ಬರೆದಿದ್ದೆ. ಸರಿಯಾದದ್ದು ‘ಕೋಪವನ್ನು ತಡೆದುಕೊಂಡ’. ನಿಘಂಟು ತೆಗೆದರೆ ತಡೆ, ಪರಿಶೀಲನೆ, ಹಣದ ಚೀಟಿ, ಚೌಕಳಿ ಬಟ್ಟೆ, ಹೋಟೆಲಿನ ಬಿಲ್ಲು, ಚದುರಂಗದ ಎಚ್ಚರಿಕೆ ಎಂದು ಒಂದರ ಕೆಳಗೊಂದು ಪಟ್ಟಿ. ಇಷ್ಟನ್ನೂ ಬಾಯಿಪಾಠ ಮಾಡಿದರೆ ವಾರದಲ್ಲಿ ಮರೆತುಹೋಗುತ್ತದೆ. ಪಟ್ಟಿಯ ಹಿಂದಿನ ಚಿತ್ರ ಒಮ್ಮೆ ಕಣ್ಣಿಗೆ ಬಿದ್ದರೆ ಯಾವುದನ್ನೂ ಬಾಯಿಪಾಠ ಮಾಡಬೇಕಿಲ್ಲ. ಆ ಚಿತ್ರ ಇರುವುದು ಚದುರಂಗದ ಮಣೆಯ ಮೇಲೆ.

ಭಾರತದ ‘ಚತುರಂಗ’ ಪರ್ಷಿಯಾಕ್ಕೆ ಹೋಗಿ ‘ಚತ್ರಂಗ್’ ಆಯಿತು, ಅರಬರ ಬಾಯಲ್ಲಿ ‘ಶತ್ರಂಜ್’. ಆನೆ, ಕುದುರೆ, ರಥ, ಕಾಲಾಳು ಎಂಬ ಸೇನೆಯ ನಾಲ್ಕು ಅಂಗಗಳಿಂದ ಬಂದ ಹೆಸರು ಅದು. ನಮ್ಮ ‘ಚದುರಂಗ’ ಅದರದೇ ತದ್ಭವ. ಪರ್ಷಿಯಾದ ಆಟಗಾರರು ಎದುರಾಳಿಯ ರಾಜನ ಮೇಲೆ ದಾಳಿ ಬಿದ್ದಾಗ ಬಾಯಿಬಿಟ್ಟು ಎಚ್ಚರಿಸುತ್ತಿದ್ದರು: ‘ಶಾಹ್!’ ಅಂದರೆ ‘ರಾಜ!’. ಇಷ್ಟೇ ‘ಚೆಕ್’. ಈ ‘ಶಾಹ್’ ಮಧ್ಯಯುಗದ ಲ್ಯಾಟಿನ್‌ನಲ್ಲಿ ‘ಸ್ಕಾಕಸ್’ ಆಗಿ, ಹಳೆಯ ಫ್ರೆಂಚಿನಲ್ಲಿ ‘ಎಸ್ಚೆಕ್’ ಆಗಿ, 1300ರ ಸುಮಾರಿಗೆ ಇಂಗ್ಲಿಷಿನಲ್ಲಿ ಮೊದಲ ಸ್ವರ ಉದುರಿಸಿಕೊಂಡು ‘ಚೆಕ್’ ಆಗಿ ನಿಂತಿತು. ಅದೇ ಫ್ರೆಂಚ್ ಪದದ ಬಹುವಚನ ‘ಎಸ್ಚೆಸ್’. ಇಂಗ್ಲಿಷಿನ ‘ಚೆಸ್’ ಅದರಿಂದ ಬಂದದ್ದು. ‘ಚೆಸ್’ ಎಂದರೆ ಅಕ್ಷರಶಃ ‘ರಾಜರು’!

ಯುರೋಪಿನ ಹೆಚ್ಚಿನ ಭಾಷೆಗಳು ಆಟಕ್ಕೆ ರಾಜನ ಹೆಸರನ್ನೇ ಇಟ್ಟುಕೊಂಡವು. ಜರ್ಮನ್ನರ ‘ಶಾಖ್’, ಇಟಲಿಯವರ ‘ಸ್ಕಾಕ್ಕಿ’, ಫ್ರೆಂಚರ ‘ಎಶೆಕ್’ ಎಲ್ಲವೂ ಶಾಹ್‌ನ ಮಕ್ಕಳು. ಸ್ಪೇನಿನವರ ‘ಅಹೆದ್ರೆಸ್’ ಮತ್ತು ಪೋರ್ಚುಗೀಸರ ‘ಶದ್ರೇಸ್’ ಮಾತ್ರ ಶತ್ರಂಜ್‌ನಿಂದ, ಅಂದರೆ ನಮ್ಮ ಚತುರಂಗದಿಂದಲೇ ಬಂದವು. ಪೋರ್ಚುಗೀಸಿನಲ್ಲಿ ಚೌಕಳಿ ಬಟ್ಟೆಗೂ ‘ಶದ್ರೇಸ್’ ಎನ್ನುತ್ತಾರೆ. ಇಂಗ್ಲಿಷಿನಲ್ಲಿ ‘ಚೆಕ್ಸ್’ ಆದಂತೆಯೇ ಅಲ್ಲಿಯೂ ಆಟದ ಹೆಸರು ಬಟ್ಟೆಗೆ ಇಳಿದಿದೆ.

‘ಶಾಹ್’ ಎಂಬ ಪದದ ಇನ್ನೂ ಹಿಂದಕ್ಕೆ ಹೋಗಬಹುದು. ಬೆಹಿಸ್ತೂನ್ ಬಂಡೆಯ ಮೇಲೆ ದೊರೆ ಡರಾಯಸ್ ಕೆತ್ತಿಸಿದ ಶಾಸನದ ಹಳೆಯ ಪರ್ಷಿಯನ್‌ನಲ್ಲಿ ರಾಜನಿಗೆ ‘ಖ್ಶಾಯಥಿಯ’ ಎಂಬ ಪದವಿದೆ. ಅದೇ ಸವೆದು ‘ಶಾಹ್’. ಆಳು, ಅಧಿಕಾರ ನಡೆಸು ಎಂಬ ಅರ್ಥದ ಅದರ ಮೂಲ ಧಾತುವೇ ಸಂಸ್ಕೃತದ ‘ಕ್ಷತ್ರ’ದಲ್ಲೂ ಇದೆ. ಅಲ್ಲಿಂದಲೇ ‘ಕ್ಷತ್ರಿಯ’. ಟಿಕೆಟ್ ಚೆಕ್ ಮಾಡುವ ಚೆಕ್ಕೂ ಕ್ಷತ್ರಿಯನೂ ದೂರದ ದಾಯಾದಿಗಳು ಎಂದು ತಿಳಿದ ದಿನ ನನಗಾದ ಸಂತೋಷವನ್ನು ಇಲ್ಲಿ ಹೇಳದೆ ಇರಲಾರೆ.

‘ಚೆಕ್‌ಮೇಟ್’ ಎಂಬುದು ‘ಶಾಹ್ ಮಾತ್’. ಅರಬ್ಬಿಯಲ್ಲಿ ‘ಮಾತ’ ಎಂದರೆ ಸತ್ತ ಎಂದಿರುವುದರಿಂದ ‘ರಾಜ ಸತ್ತ’ ಎಂದು ಅರ್ಥ ಹೇಳುವುದು ರೂಢಿ. ಪರ್ಷಿಯನ್‌ನಲ್ಲಿ ‘ಮಾತ್’ ಎಂದರೆ ದಾರಿ ಕಾಣದೆ ನಿಂತವನು, ಸೋತವನು. ನನಗೆ ಇದೇ ಹೆಚ್ಚು ಹೊಂದುತ್ತದೆ ಅನ್ನಿಸುತ್ತದೆ, ಏಕೆಂದರೆ ಚದುರಂಗದಲ್ಲಿ ರಾಜನನ್ನು ಯಾರೂ ಕೊಂದು ಹೊರಗಿಡುವುದಿಲ್ಲ. ಅವನು ಎಲ್ಲಿಗೂ ಹೋಗಲಾರದೆ ನಿಲ್ಲುತ್ತಾನೆ, ಆಟ ಅಲ್ಲಿಗೆ ಮುಗಿಯುತ್ತದೆ. ಇದನ್ನು ಗೆಳೆಯ ಎಂಬ ಅರ್ಥದ ‘ಮೇಟ್’ ಜೊತೆ ಸೇರಿಸಬೇಡಿ. ‘ಕ್ಲಾಸ್‌ಮೇಟ್’, ‘ರೂಮ್‌ಮೇಟ್’ನಲ್ಲಿರುವ ಮೇಟ್ ಜರ್ಮ್ಯಾನಿಕ್ ಮೂಲದ್ದು, ಒಟ್ಟಿಗೆ ಕೂತು ಉಣ್ಣುವವನು ಎಂಬುದು ಅದರ ಹಳೆಯ ಅರ್ಥ.

ತಡೆಯಿಂದ ತಪಾಸಣೆಗೆ

‘ಶಾಹ್’ ಎಂದು ಕೂಗಿದೊಡನೆ ಎದುರಾಳಿ ತನ್ನ ಉಳಿದೆಲ್ಲ ಯೋಚನೆ ಬದಿಗಿಡಬೇಕು. ಗೆಲ್ಲುವ ಹಂಚಿಕೆ ಏನೇ ಇರಲಿ, ಈಗ ಮೊದಲು ರಾಜನನ್ನು ಉಳಿಸಿಕೊಳ್ಳಬೇಕು. ಓಡುತ್ತಿದ್ದ ಆಟ ಗಕ್ಕನೆ ನಿಂತ ಹಾಗೆ. ಈ ‘ಗಕ್ಕನೆ ನಿಲ್ಲಿಸು’ ಎಂಬುದೇ ಚೆಕ್‌ನ ಎರಡನೇ ಅರ್ಥ. 14ನೆಯ ಶತಮಾನದ ಕೊನೆಯ ಹೊತ್ತಿಗೆ ಅದು ಮಣೆಯಿಂದ ಕೆಳಗಿಳಿದು ಬದುಕಿಗೆ ಬಂದಿತ್ತು. ‘ಶಿ ಚೆಕ್ಡ್ ಹರ್‌ಸೆಲ್ಫ್’ ಎಂದರೆ ಏನೋ ಹೇಳಲು ಹೋದವಳು ತುಟಿ ಕಚ್ಚಿ ಸುಮ್ಮನಾದಳು. ‘ಅನ್‌ಚೆಕ್ಡ್’ ಎಂದರೆ ತಡೆಯುವವರಿಲ್ಲದೆ ಹಬ್ಬಿದ್ದು. ಚೆಕ್ ಡ್ಯಾಮ್ ಹಳ್ಳದ ನೀರನ್ನು ಪರಿಶೀಲಿಸುವುದಿಲ್ಲ, ಅದರ ಓಟವನ್ನು ತಡೆಯುತ್ತದೆ. ನೀರು ನಿಧಾನವಾದಾಗ ಹೂಳು ತಳ ಸೇರುತ್ತದೆ, ನೀರು ನೆಲಕ್ಕೆ ಇಂಗುತ್ತದೆ. ನಮ್ಮ ಹಳ್ಳಿಗಳಲ್ಲಿ ಎಲ್ಲರ ಬಾಯಲ್ಲೂ ಇರುವ ಈ ಮಾತಿನಲ್ಲಿ ಪದದ ಹಳೆಯ ಅರ್ಥ ಮುಕ್ಕಾಗದೆ ಉಳಿದಿದೆ.

ರಾಜ್ಯಶಾಸ್ತ್ರ ಓದುವವರಿಗೆ ಇಲ್ಲೊಂದು ಮಾತು. ‘ಚೆಕ್ಸ್ ಅಂಡ್ ಬ್ಯಾಲೆನ್ಸಸ್’ ಎಂಬುದರಲ್ಲಿರುವುದೂ ಈ ತಡೆಯೇ. ಶಾಸಕಾಂಗ, ಕಾರ್ಯಾಂಗ, ನ್ಯಾಯಾಂಗ ಒಂದನ್ನೊಂದು ಅಂಕೆಯಲ್ಲಿಡುವುದು. ‘ಪರಿಶೀಲನೆ ಮತ್ತು ಸಮತೋಲನ’ ಎಂದು ಬರೆದರೆ ಅರ್ಧ ಅರ್ಥ ಸೋರಿಹೋಗುತ್ತದೆ.

ಹಾಗಾದರೆ ತಡೆ ಎಂಬುದು ತಪಾಸಣೆ ಆದದ್ದು ಹೇಗೆ? ಲೆಕ್ಕದಲ್ಲಿ ಕಳ್ಳತನವಾಗದಂತೆ ತಡೆಯಬೇಕಾದರೆ ಇನ್ನೊಬ್ಬ ಅದೇ ಲೆಕ್ಕವನ್ನು ಇಟ್ಟು ತಾಳೆ ನೋಡಬೇಕು. ಇಂಗ್ಲೆಂಡಿನ ಅರಮನೆಯಲ್ಲೂ ಹಡಗುಕಟ್ಟೆಗಳಲ್ಲೂ ಹಾಜರಿ, ಸಂಬಳ ನೋಡಿಕೊಳ್ಳಲು ‘ಕ್ಲರ್ಕ್ ಆಫ್ ದ ಚೆಕ್’ ಎಂಬ ಹುದ್ದೆಯೇ ಇತ್ತು. ತಾಳೆ ನೋಡುವುದೇ ತಡೆಯುವ ದಾರಿ. ಹೀಗೆ 17ನೆಯ ಶತಮಾನದ ಹೊತ್ತಿಗೆ ‘ಸರಿಯಿದೆಯೇ ನೋಡು’ ಎಂಬ ಅರ್ಥ ನೆಲೆಯಾಯಿತು. ಇವತ್ತು ನಾವು ದಿನಕ್ಕೆ ಹತ್ತು ಸಲ ಬಳಸುವುದು ಇದನ್ನೇ.

‘ಕಂಟ್ರೋಲ್’ ಪದ ಇದೇ ದಾರಿಯಲ್ಲಿ ಎದುರು ದಿಕ್ಕಿನಿಂದ ಬಂದಿದೆ. ಅದರ ಮೂಲ ಲ್ಯಾಟಿನ್ನಿನ ‘ಕಾಂಟ್ರಾರೊಟುಲಸ್’, ಅಂದರೆ ತಾಳೆ ನೋಡಲು ಇಟ್ಟ ಎರಡನೇ ಲೆಕ್ಕದ ಸುರುಳಿ. ಫ್ರೆಂಚಿನಲ್ಲಿ ‘ಕಾಂತ್ರೋಲ್’ ಎಂದರೆ ಈಗಲೂ ತಪಾಸಣೆ. ಇಂಗ್ಲಿಷಿನಲ್ಲಿ ಅದು ಹತೋಟಿಯ ಅರ್ಥಕ್ಕೆ ಹೋಯಿತು. ಒಂದು ತಡೆಯಿಂದ ತಪಾಸಣೆಗೆ ನಡೆಯಿತು, ಇನ್ನೊಂದು ತಪಾಸಣೆಯಿಂದ ತಡೆಗೆ. ಈ ಎರಡನ್ನೂ ನೋಟ್‌ಬುಕ್ಕಿನಲ್ಲಿ ಅಕ್ಕಪಕ್ಕ ಬರೆದಿಟ್ಟುಕೊಳ್ಳಿ.

ಚೌಕಳಿ ಬಟ್ಟೆ ಹಾಸಿದ ಮೇಜು

ನನಗೆ ಅತ್ಯಂತ ಇಷ್ಟವಾದ ಭಾಗ ಇದು. ಹಳೆಯ ಫ್ರೆಂಚಿನಲ್ಲಿ ಚದುರಂಗದ ಮಣೆಗೆ ‘ಎಸ್ಚೆಕಿಯೆ’, ಲ್ಯಾಟಿನ್ನಿನಲ್ಲಿ ‘ಸ್ಕಾಕಾರಿಯಂ’. ಇಂಗ್ಲೆಂಡಿನ ದೊರೆ ಒಂದನೇ ಹೆನ್ರಿಯ ಕಾಲದಲ್ಲಿ (1100–1135) ರಾಜ್ಯದ ಹಣಕಾಸು ಲೆಕ್ಕ ತೀರಿಸುವ ಸಭೆಗೂ ಇದೇ ಹೆಸರು ಬಂತು. ಅದೇ ‘ಎಕ್ಸ್‌ಚೆಕರ್’. ಬ್ರಿಟನ್ನಿನ ಹಣಕಾಸು ಸಚಿವರನ್ನು ಇಂದಿಗೂ ‘ಚಾನ್ಸೆಲರ್ ಆಫ್ ದಿ ಎಕ್ಸ್‌ಚೆಕರ್’ ಎನ್ನುತ್ತಾರೆ.

ಆ ಮೇಜು ಹೇಗಿತ್ತು ಎಂದು ಎರಡನೇ ಹೆನ್ರಿಯ ಖಜಾಂಚಿಯಾಗಿದ್ದ ರಿಚರ್ಡ್ ಫಿಟ್ಜ್‌ನೀಲ್ 1170ರ ದಶಕದ ಕೊನೆಯಲ್ಲಿ ಬರೆದಿಟ್ಟಿದ್ದಾನೆ. ಅವನ ಗ್ರಂಥವೂ ಒಂದು ಬಗೆಯ ಅಧ್ಯಯನ ಟಿಪ್ಪಣಿಯೇ: ಶಿಷ್ಯ ಕೇಳುತ್ತಾನೆ, ಗುರು ಹೇಳುತ್ತಾನೆ. ಸುಮಾರು ಹತ್ತು ಅಡಿ ಉದ್ದ, ಐದು ಅಡಿ ಅಗಲದ ಮೇಜು. ಮೇಲಿಟ್ಟದ್ದು ಜಾರಿ ಬೀಳದಂತೆ ಸುತ್ತಲೂ ನಾಲ್ಕು ಬೆರಳೆತ್ತರದ ಅಂಚು. ಅದರ ಮೇಲೆ ಪ್ರತಿ ಈಸ್ಟರ್‌ಗೆ ಹೊಸದಾಗಿ ಕೊಂಡ ಕಪ್ಪು ಬಟ್ಟೆ, ಬಟ್ಟೆಯ ಮೇಲೆ ಒಂದಡಿ ಇಲ್ಲವೇ ಒಂದು ಗೇಣು ಅಂತರದಲ್ಲಿ ಗೆರೆಗಳು. ಈ ಹೆಸರೇಕೆ ಎಂದು ಶಿಷ್ಯ ಕೇಳಿದಾಗ ಗುರು ಎರಡು ಕಾರಣ ಕೊಡುತ್ತಾನೆ. ಮೇಜು ಚದುರಂಗದ ಮಣೆಯನ್ನು ಹೋಲುತ್ತದೆ ಎಂಬುದು ಮೊದಲನೆಯದು. ಮಣೆಯಲ್ಲಿ ರಾಜರ ನಡುವೆ ಯುದ್ಧ ನಡೆಯುವ ಹಾಗೆ ಇಲ್ಲಿ ಖಜಾಂಚಿಗೂ ಷೆರಿಫ್‌ಗೂ ನಡುವೆ ಹಣಾಹಣಿ ನಡೆಯುತ್ತದೆ ಎಂಬುದು ಇನ್ನೊಂದು.

ಷೆರಿಫ್ ಎಂದರೆ ತನ್ನ ಸೀಮೆಯ ಕಂದಾಯ ವಸೂಲಿಯ ಹೊಣೆ ಹೊತ್ತವನು. ನಮ್ಮಲ್ಲಿ ಜಮಾಬಂದಿಗೆ ಲೆಕ್ಕದ ಪುಸ್ತಕ ಹಿಡಿದು ನಿಲ್ಲುತ್ತಿದ್ದ ಹಾಗೆ ಅವನು ಬಂದು ಈ ಮೇಜಿನ ಮುಂದೆ ಕೂರುತ್ತಿದ್ದ. ಲೆಕ್ಕ ಬರೆಯುತ್ತಿದ್ದದ್ದು ರೋಮನ್ ಅಂಕಿಗಳಲ್ಲಿ, ಸೊನ್ನೆ ಇಲ್ಲ. ರೋಮನ್ ಅಂಕಿ ಇಟ್ಟುಕೊಂಡು ಕೂಡಿ ಕಳೆಯುವುದು ಎಷ್ಟು ಕಷ್ಟ ಎಂದು ಒಮ್ಮೆ ಪ್ರಯತ್ನಿಸಿ ನೋಡಿ. ಆದ್ದರಿಂದ ಬಟ್ಟೆಯ ಸಾಲುಗಳಲ್ಲಿ ಬಿಲ್ಲೆಗಳನ್ನಿಟ್ಟು ಲೆಕ್ಕ ಮಾಡುತ್ತಿದ್ದರು: ಬಲತುದಿಯ ಸಾಲು ಪೆನ್ನಿಗೆ, ಪಕ್ಕದ್ದು ಷಿಲಿಂಗಿಗೆ, ಆಮೇಲೆ ಪೌಂಡು, ಇಪ್ಪತ್ತು ಪೌಂಡು, ನೂರು, ಸಾವಿರ.

ಉದಾಹರಣೆಗೆ ಒಬ್ಬ ಷೆರಿಫ್ ಕಟ್ಟಬೇಕಾದದ್ದು 147 ಪೌಂಡು, 5 ಷಿಲಿಂಗು, 3 ಪೆನ್ನಿ ಅಂದುಕೊಳ್ಳಿ. ನೂರರ ಸಾಲಿನಲ್ಲಿ ಒಂದು ಬಿಲ್ಲೆ, ಇಪ್ಪತ್ತರ ಸಾಲಿನಲ್ಲಿ ಎರಡು, ಪೌಂಡಿನಲ್ಲಿ ಏಳು, ಷಿಲಿಂಗಿನಲ್ಲಿ ಐದು, ಪೆನ್ನಿಯಲ್ಲಿ ಮೂರು. ಅದೇ ಸಾಲುಗಳ ಕೆಳಗಿನ ಚೌಕಗಳಲ್ಲಿ ಅವನು ತಂದು ಕಟ್ಟಿದ್ದು: ನೂರರಲ್ಲಿ ಒಂದು, ಇಪ್ಪತ್ತರಲ್ಲಿ ಒಂದು, ಉಳಿದದ್ದೆಲ್ಲ ಮೇಲಿನಂತೆಯೇ. ಮೇಲೊಂದು ಕೆಳಗೊಂದು ಜೊತೆ ಮಾಡಿ ಬಿಲ್ಲೆ ತೆಗೆಯುತ್ತ ಹೋದರೆ ಕೊನೆಗೆ ಇಪ್ಪತ್ತರ ಚೌಕದಲ್ಲಿ ಒಂದೇ ಒಂದು ಬಿಲ್ಲೆ ಉಳಿಯುತ್ತದೆ. ಇಪ್ಪತ್ತು ಪೌಂಡು ಬಾಕಿ. ಓದು ಬರಹ ಬಾರದ ಷೆರಿಫ್ ಆದರೂ ಅದನ್ನು ತನ್ನ ಕಣ್ಣಿನಿಂದಲೇ ನೋಡಬಹುದಿತ್ತು, ಅಲ್ಲಗಳೆಯಲು ಆಗುತ್ತಿರಲಿಲ್ಲ.

ಎಕ್ಸ್‌ಚೆಕರ್‌ನ ಈಗ ಉಳಿದಿರುವ ಅತಿ ಹಳೆಯ ವಾರ್ಷಿಕ ಲೆಕ್ಕದ ಸುರುಳಿ 1130ರದ್ದು. ಸರಿಸುಮಾರು ಅದೇ ವರ್ಷಗಳಲ್ಲಿ ನಮ್ಮ ಕಲ್ಯಾಣದಲ್ಲಿ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ ‘ಮಾನಸೋಲ್ಲಾಸ’ ರಚಿಸುತ್ತಿದ್ದ. ರಾಜರ ವಿನೋದಗಳನ್ನು ಹೇಳುವಾಗ ಅದರಲ್ಲಿ ಚತುರಂಗದ ಆಟವನ್ನೂ ವಿವರಿಸಿದ್ದಾನೆ. ಇಲ್ಲಿ ಒಬ್ಬ ದೊರೆ ಆ ಆಟದ ಬಗ್ಗೆ ಬರೆಯುತ್ತಿದ್ದಾಗ, ಅಲ್ಲಿ ಇನ್ನೊಬ್ಬ ದೊರೆಯ ಅಧಿಕಾರಿಗಳು ಅದೇ ಆಟದ ಮಣೆಯಂಥ ಬಟ್ಟೆ ಹಾಸಿ ಕಂದಾಯ ಎಣಿಸುತ್ತಿದ್ದರು.

ಚೌಕಳಿ ಬಟ್ಟೆಗೆ ‘ಚೆಕ್ಸ್’ ಎನ್ನುವುದು ಈ ಮಣೆಯ ಹೆಸರಿನ ಮೊಟಕು ರೂಪ. ಏಳುಬೀಳಿನ ಬದುಕಿಗೆ ‘ಚೆಕರ್ಡ್’ ಎನ್ನುವುದೂ ಅಲ್ಲಿಂದಲೇ, ಒಂದು ಮನೆ ಕಪ್ಪು, ಒಂದು ಮನೆ ಬಿಳಿ.

ಬ್ಯಾಂಕಿನ ಚೆಕ್

ಇದರ ಬಗ್ಗೆ ಎರಡು ಕತೆಗಳಿವೆ. ಅರಬ್ ವ್ಯಾಪಾರಿಗಳು ಬಳಸುತ್ತಿದ್ದ ‘ಸಕ್ಕ್’ ಎಂಬ ಹಣದ ಪತ್ರದಿಂದ ಇದು ಬಂತು ಎಂಬುದು ಒಂದು. ಕೇಳಲು ಚೆನ್ನಾಗಿದೆ, ಅಂಥ ಪತ್ರಗಳು ಇದ್ದದ್ದೂ ನಿಜ. ಆದರೆ ಇಂಗ್ಲಿಷಿನಲ್ಲಿ ಈ ಪದ ಬಳಕೆಯಾದ ಬಗೆ ಬೇರೆ ಕಡೆಗೆ ಬೆರಳು ತೋರಿಸುತ್ತದೆ. 18ನೆಯ ಶತಮಾನದ ಆರಂಭದಲ್ಲಿ ‘ಚೆಕ್’ ಎಂದರೆ ಹಣದ ಪತ್ರವಲ್ಲ, ಪತ್ರ ಹರಿದುಕೊಟ್ಟ ಮೇಲೆ ಕೈಯಲ್ಲಿ ಉಳಿಯುವ ಕೌಂಟರ್‌ಫಾಯಿಲ್. ಯಾರಾದರೂ ಮೊತ್ತ ತಿದ್ದಿದರೆ ಇದರ ಜೊತೆ ತಾಳೆ ನೋಡಿ ಹಿಡಿಯಬಹುದು. ಅಂದರೆ ಅದೇ ತಡೆ, ಅದೇ ತಪಾಸಣೆ. ಆಮೇಲೆ ಹೆಸರು ಹರಿದುಕೊಟ್ಟ ಚೀಟಿಗೇ ಅಂಟಿಕೊಂಡಿತು. ಆದ್ದರಿಂದ ನಾನು ಎರಡನೇ ವಿವರಣೆಯನ್ನೇ ನಂಬುತ್ತೇನೆ. ಪದಮೂಲ ಹುಡುಕುವಾಗ ಎರಡು ಪದಗಳ ದನಿ ಹೋಲುವುದು ಸಾಲದು, ನಡುವಿನ ಹೆಜ್ಜೆಗಳು ಕಾಣಬೇಕು.

ಕಾಗುಣಿತದ ವಿಷಯ: ಬ್ರಿಟಿಷರು ಎಕ್ಸ್‌ಚೆಕರ್‌ನ ಪ್ರಭಾವದಿಂದ ಬ್ಯಾಂಕಿನ ಚೆಕ್ಕನ್ನು ‘ಸಿ ಎಚ್ ಇ ಕ್ಯೂ ಯು ಇ’ ಎಂದು ಬರೆದರು. ಅಮೆರಿಕದವರು ಎಲ್ಲವನ್ನೂ ‘ಸಿ ಎಚ್ ಇ ಸಿ ಕೆ’ ಎಂದೇ ಬರೆಯುತ್ತಾರೆ, ಹೋಟೆಲಿನ ಬಿಲ್ಲಿಗೂ, ನಾವು ‘ಟಿಕ್’ ಎನ್ನುವ ಗುರುತಿಗೂ ಸೇರಿಸಿ. ನಮ್ಮಲ್ಲಿ ನಡೆಯುವುದು ಬ್ರಿಟಿಷ್ ಕಾಗುಣಿತ. ಚೆಕ್ ಬೌನ್ಸ್ ಪ್ರಕರಣಗಳು ಬರುವ 138ನೇ ಸೆಕ್ಷನ್ ಇರುವ 1881ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯಲ್ಲೂ ಕ್ಯೂ ಇರುವ ಚೆಕ್ಕೇ ಇದೆ. ಪರೀಕ್ಷೆಯಲ್ಲಿ ಅದನ್ನೇ ಬರೆಯಿರಿ.

ಮನೆಯವರಲ್ಲದ ಇಬ್ಬರು

ಚೆಕ್ ಗಣರಾಜ್ಯದ ‘ಚೆಕ್’ ಅಲ್ಲಿನ ಜನ ತಮ್ಮನ್ನು ತಾವು ಕರೆದುಕೊಳ್ಳುವ ಹೆಸರು. ಇಂಗ್ಲಿಷಿನಲ್ಲಿ ಅದನ್ನು ‘ಸಿ ಜೆಡ್’ನಿಂದ ಆರಂಭಿಸಿ ಬರೆಯುವುದು ಪೋಲಿಷ್ ಕಾಗುಣಿತದಿಂದ ಬಂದದ್ದು. ಶಾಹ್‌ಗೂ ಇದಕ್ಕೂ ಏನೂ ಸಂಬಂಧವಿಲ್ಲ. ಕನ್ನಡ ಲಿಪಿಯಲ್ಲಿ ಮಾತ್ರ ಇದೂ, ಬ್ಯಾಂಕಿನದೂ, ತಪಾಸಣೆಯದೂ ಒಂದೇ ರೂಪ.

ಚೆಕ್ಕುಬಂದಿಯನ್ನು ನಾನು ಬಹಳ ದಿನ ಇಂಗ್ಲಿಷ್ ಚೆಕ್ ಎಂದೇ ತಿಳಿದಿದ್ದೆ. ಗಡಿಯನ್ನು ಚೆಕ್ ಮಾಡುವುದು ಎಂದು ಅರ್ಥ ಹೊಂದಿಕೊಳ್ಳುತ್ತದಲ್ಲ! ಅಪ್ಪನ ಪೆಟ್ಟಿಗೆಯಲ್ಲಿದ್ದ ಹಳೆಯ ಕ್ರಯಪತ್ರದಲ್ಲಿ ಅದನ್ನು ‘ಚಕ್ಕುಬಂದಿ’ ಎಂದು ಬರೆದದ್ದು ನೋಡಿದಾಗ ಅನುಮಾನ ಬಂತು. ‘ಚಕ್’ ಎಂದರೆ ಜಮೀನಿನ ತುಂಡು. ‘ಬಂದಿ’ ಜಮಾಬಂದಿ, ನಾಕಾಬಂದಿಗಳಲ್ಲಿ ಇರುವ ಅದೇ ಪರ್ಷಿಯನ್ ಬಂದಿ, ಕಟ್ಟು ಹಾಕುವುದು. ಉತ್ತರ ಭಾರತದಲ್ಲಿ ‘ಚಕ್‌ಬಂದಿ’ ಎಂದರೆ ಚದುರಿದ ಹಿಡುವಳಿಗಳನ್ನು ಒಂದುಗೂಡಿಸುವುದು. ನಮ್ಮ ಪತ್ರಗಳಲ್ಲಿ ಅದು ಜಮೀನಿನ ನಾಲ್ಕು ದಿಕ್ಕಿನ ಎಲ್ಲೆ. ಇಂಗ್ಲಿಷ್ ಚೆಕ್ ಕಿವಿಯಲ್ಲಿ ಕೂತಿರುವುದರಿಂದಲೋ ಏನೋ, ಈಗ ‘ಚೆಕ್‌ಬಂದಿ’ ಎಂದು ಬಿಡಿಸಿ ಬರೆಯುವವರೂ ಇದ್ದಾರೆ.

ಅಪ್ಪನ ಆ ಪತ್ರದಲ್ಲಿ ಚಕ್ಕುಬಂದಿಯ ಕೆಳಗಿನ ಮೊದಲ ಸಾಲು ‘ಪೂರ್ವಕ್ಕೆ ಸರ್ಕಾರಿ ಹಳ್ಳ’ ಎಂದಿದೆ. ಈಗ ಆ ಹಳ್ಳಕ್ಕೇ ಅಡ್ಡಲಾಗಿ ಚೆಕ್ ಡ್ಯಾಮ್ ಇದೆ.